ಬಂದರು ಶುರುವಾಯ್ತು, ಹಿಮ್ಮಡಿ ನೋವೂ

ಕಾರವಾರ, 19 ಆಗಸ್ಟ್ 2024, ಸೋಮವಾರ

ಯಾಂತ್ರಿಕ ಮೀನುಗಾರಿಕೆಯ ನಿಷೇಧ ಜುಲೈ 31ಕ್ಕೆ ಮುಗಿದು ಬೈತಖೋಲ ಬಂದರಿನಲ್ಲಿ ಮತ್ತೆ ಬುಟ್ಟಿ, ಐಸು, ಗಲಾಟೆ. ಎರಡು ತಿಂಗಳು ಅಷ್ಟಾಗಿ ದುಡಿಯದ ಕಾಲುಗಳು ಈಗ ಬೆಳಗಿನ ಜಾವದಿಂದಲೇ ಸಿಮೆಂಟಿನ ಮೇಲೆ, ತಲೆಮೇಲೆ ಹೊರೆ ಬೇರೆ. ಕೆಲಸ ಹೀಗೆ ಒಮ್ಮೆಲೇ ಏರಿದಾಗಲೇ ಹಿಮ್ಮಡಿ ಕೈಕೊಡುವುದು.

ದೂರು ಸಾಮಾನ್ಯವಾಗಿ ಒಂದೇ: ಎದ್ದು ಕಾಲೂರಿದರೆ ಜೀವ ಹೋದಂತಾಗುತ್ತದೆ, ನಾಲ್ಕು ಹೆಜ್ಜೆ ನಡೆದರೆ ಪರವಾಗಿಲ್ಲ, ಸಂಜೆಗೆ ಮತ್ತೆ ಅದೇ. ಹಿಮ್ಮಡಿಯ ಅಡಿಯಲ್ಲಿ ಒಳಮಗ್ಗುಲಿಗೆ, ಅಂಗಾಲಿನ ಗುಳಿ ಶುರುವಾಗುವಲ್ಲಿ ಹೆಬ್ಬೆರಳಿಟ್ಟು ಒತ್ತಿದರೆ ‘ಅಲ್ಲೇ ಅಲ್ಲೇ’ ಎಂದು ಕಾಲೆಳೆದುಕೊಳ್ಳುತ್ತಾರೆ. ಇದು ಪ್ಲಾಂಟರ್ ಫೇಶಿಯೈಟಿಸ್. ಹಿಮ್ಮಡಿ ಎಲುಬಿನಿಂದ ಬೆರಳಿನ ಬುಡದವರೆಗೆ ಹಾಸಿರುವ ಗಟ್ಟಿ ಪಟ್ಟಿ, ಎಲುಬಿಗೆ ಅಂಟಿದ ಜಾಗದಲ್ಲಿ ಹೊರೆ ತಾಳದೆ ಹದಗೆಟ್ಟಿರುತ್ತದೆ. ಮಲಗಿದಾಗ ಪಾದ ಕೆಳಮುಖವಾಗಿ ಬಿದ್ದು ಪಟ್ಟಿ ಬಿಗಿಯುತ್ತದೆ, ಮೊದಲ ಹೆಜ್ಜೆ ಅದನ್ನು ಜಗ್ಗುತ್ತದೆ.

ಎಕ್ಸ್‌ರೇ ತಂದು ‘ಎಲುಬು ಬೆಳೆದಿದೆಯಂತೆ’ ಎಂದು ಹೆದರುವವರು ಬಹಳ. ಮುಳ್ಳಿನಂತೆ ಬೆಳೆದ ಆ ಎಲುಬು ನೋವೇ ಇಲ್ಲದವರ ಕಾಲಲ್ಲೂ ಸಿಗುತ್ತದೆ. ಅದನ್ನು ತೆಗೆಸಲು ಓಡಬೇಕಿಲ್ಲ.

ಮದ್ದು ಹಾಸಿಗೆಯಲ್ಲೇ ಶುರು. ನೆಲಕ್ಕೆ ಕಾಲಿಡುವ ಮೊದಲು ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಬೆರಳುಗಳನ್ನು ಕೈಯಿಂದ ಮೊಣಕಾಲಿನ ಕಡೆ ಹಿಂದಕ್ಕೆ ಎಳೆದು 10 ಸೆಕೆಂಡು ಹಿಡಿಯಬೇಕು. ಸರಿಯಾಗಿ ಎಳೆದರೆ ಅಂಗಾಲಲ್ಲಿ ತಂತಿಯಂತೆ ಬಿಗಿದದ್ದು ಇನ್ನೊಂದು ಕೈಗೆ ಸಿಗುತ್ತದೆ, ಸಿಗದಿದ್ದರೆ ಎಳೆತ ಸಾಲದು. 10 ಸಲ, ದಿನಕ್ಕೆ 3 ಹೊತ್ತು. ಮೀನಖಂಡಕ್ಕೆ: ಗೋಡೆಗೆ ಕೈಯೂರಿ ಆ ಕಾಲು ಹಿಂದಿಟ್ಟು, ಹಿಮ್ಮಡಿ ಎತ್ತದೆ ಮುಂದಕ್ಕೆ ವಾಲಿ 30 ಸೆಕೆಂಡು. ಪಾದ ಹೊರಕ್ಕೆ ತಿರುಗಿದರೆ ಎಳೆತ ತಪ್ಪಿಹೋಗುತ್ತದೆ, ಎಲ್ಲರೂ ಎಡವುವುದು ಇಲ್ಲೇ.

ನೋವು ಸ್ವಲ್ಪ ಹದಕ್ಕೆ ಬಂದ ಮೇಲೆ ಬಲ ತುಂಬುವ ಕೆಲಸ. ಮೆಟ್ಟಿಲಿನ ಅಂಚಲ್ಲಿ ಪಾದದ ಮುಂಭಾಗ, ಬೆರಳಿನಡಿ ಸುತ್ತಿದ ಟವೆಲು. ಹಿಮ್ಮಡಿಯನ್ನು 3 ಸೆಕೆಂಡು ಏರಿಸಿ, 2 ಸೆಕೆಂಡು ಹಾಗೇ ನಿಂತು, 3 ಸೆಕೆಂಡು ಇಳಿಸುವುದು. 12 ಸಲದ 3 ಸುತ್ತು, ದಿನ ಬಿಟ್ಟು ದಿನ. ಒಂದೇ ಕಾಲಲ್ಲಿ ಆಗದಿದ್ದರೆ ಎರಡೂ ಕಾಲಲ್ಲಿ. ಮಾಡುವಾಗ ಚೂರು ನೋವಾದರೆ ಅಡ್ಡಿಯಿಲ್ಲ, ಮರುದಿನ ಬೆಳಿಗ್ಗೆ ಜಾಸ್ತಿಯಾಗಿದ್ದರೆ ಸುತ್ತು ಕಡಿಮೆ ಮಾಡಿ. ಗುಣವಾಗಲು ತಿಂಗಳುಗಳೇ ಬೇಕು. ಎರಡನೇ ವಾರಕ್ಕೆ ಬಿಡುವವರೇ ಹೆಚ್ಚು.

ಸವೆದು ತೆಳ್ಳಗಾದ ಹವಾಯಿ ಚಪ್ಪಲಿ ಬೇಡ, ಮನೆಯ ಟೈಲ್ಸ್ ಮೇಲೂ ಬರಿಗಾಲು ಬೇಡ. ಸಂಜೆ ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಯನ್ನು ಅಂಗಾಲಡಿ 10 ನಿಮಿಷ ಉರುಳಿಸಿದರೆ ಹಾಯೆನಿಸುತ್ತದೆ. ಸ್ಟೆರಾಯ್ಡ್ ಇಂಜೆಕ್ಷನ್ ಕೆಲವು ವಾರ ನೆಮ್ಮದಿ ಕೊಡುತ್ತದೆ, ನಿಜ. ಆದರೆ ಪಟ್ಟಿ ಹರಿಯುವ, ಹಿಮ್ಮಡಿಯ ಕೊಬ್ಬಿನ ಮೆತ್ತೆ ಕರಗುವ ಅಪಾಯವಿದೆ. ನನ್ನ ಲೆಕ್ಕದಲ್ಲಿ ಅದು ಮೊದಲ ಮದ್ದಲ್ಲ.

ಈ ಕಸರತ್ತು ಎಲ್ಲ ಹಿಮ್ಮಡಿಗೂ ಹೊಂದುವುದಿಲ್ಲ. ನೋವು ಹಿಮ್ಮಡಿಯ ಹಿಂಭಾಗದಲ್ಲಿದ್ದರೆ ಅದು ಅಕಿಲಿಸ್ ನರದ್ದು (ಜನ ನರವೆಂದರೂ ಅದು ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಸ್ನಾಯುರಜ್ಜು), ಆಗ ಮೆಟ್ಟಿಲಿನಿಂದ ಹಿಮ್ಮಡಿ ಕೆಳಗಿಳಿಸಬಾರದು, ಸಮನೆಲದಲ್ಲೇ ಮಾಡಬೇಕು. ಸರಿಯಾಗಿ ನಡುವಲ್ಲಿ, ನಿಂತಷ್ಟೂ ನೋಯುವುದು ಕೊಬ್ಬಿನ ಮೆತ್ತೆ ತೆಳುವಾದದ್ದು, ಅದಕ್ಕೆ ಸಿಲಿಕೋನ್ ಹೀಲ್ ಕಪ್ (ಹಿಮ್ಮಡಿಯಡಿ ಇಡುವ ಮೆತ್ತನೆಯ ಬಟ್ಟಲು). ಹಿಮ್ಮಡಿಯನ್ನು ಎರಡೂ ಮಗ್ಗುಲಿಂದ ಅಂಗೈಯಲ್ಲಿ ಅಮುಕಿದಾಗ ಚೀರುವಂತಾದರೆ ಎಲುಬಿನ ಬಿರುಕಿರಬಹುದು, ಮೂಳೆ ಡಾಕ್ಟರರನ್ನೇ ಕಾಣಬೇಕು. ಹರೆಯದವರಿಗೆ ಎರಡೂ ಹಿಮ್ಮಡಿ ನೋವಿನ ಜೊತೆ ಬೆಳಿಗ್ಗೆ ಸೊಂಟ ಬಿಗಿಯುತ್ತಿದ್ದರೆ ಸಂಧಿವಾತದ ತಪಾಸಣೆ ಆಗಲಿ.

ಇನ್ನು ಎಕ್ಕದ ಎಲೆ ಹಾಸಿ ಬಿಸಿ ಇಟ್ಟಿಗೆ ಮೇಲೆ ಹಿಮ್ಮಡಿ ಇಡುವ ಪದ್ಧತಿ. ಸಕ್ಕರೆ ಕಾಯಿಲೆಯಿದ್ದು ಪಾದ ಜೋಮು ಹಿಡಿದವರು ಇದನ್ನು ಮುಟ್ಟಲೇಬಾರದು. ಸುಟ್ಟದ್ದು ಗೊತ್ತಾಗುವುದಿಲ್ಲ, ಬೊಬ್ಬೆ ಹುಣ್ಣಾಗುತ್ತದೆ, ಆ ಹುಣ್ಣು ಬೇಗ ಮಾಯುವುದಿಲ್ಲ.