ದುರ್ಗದಲ್ಲಿ ಒಂದು ತನಿ ಕಛೇರಿ

ಏಪ್ರಿಲ್ ತಿಂಗಳ ಒಂದು ಶನಿವಾರ ಅಣ್ಣನ ಮಗಳೊಂದಿಗೆ ಚಿತ್ರದುರ್ಗಕ್ಕೆ ಹೊರಟೆ. ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್ ದಾರಿಯುದ್ದಕ್ಕೂ ಅವಳು ಪಿಟೀಲಿನ ಪೆಟ್ಟಿಗೆಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಹತ್ತು ವರ್ಷ ಗಾಯಕರ ಪಕ್ಕದಲ್ಲಿ ಕುಳಿತು ನುಡಿಸಿ, ಆಕಾಶವಾಣಿಯ ‘ಬಿ-ಹೈ’ ದರ್ಜೆಗೆ ಏರಿರುವ ಅವಳಿಗೆ ಪರಊರಿನಲ್ಲಿ ದೊರೆತ ಮೊದಲ ತನಿ ಕಛೇರಿ, ಅಂದರೆ ಅವಳ ಪಿಟೀಲೇ ಮುಖ್ಯವಾದ ಕಛೇರಿ, ಇದು.

ಕರ್ನಾಟಕ ಸಂಗೀತದಲ್ಲಿ ಪಿಟೀಲು ವಾದಕರು ಬೆಳೆಯುವುದು ಹೆಚ್ಚಾಗಿ ಪಕ್ಕವಾದ್ಯದಿಂದಲೇ. ಗಾಯಕರು ಯಾವ ರಾಗ ಎತ್ತಿಕೊಂಡರೂ ನೆರಳಿನಂತೆ ಹಿಂಬಾಲಿಸಿ, ತಮಗೆ ಬಿಟ್ಟುಕೊಟ್ಟ ಕೆಲವೇ ನಿಮಿಷಗಳಲ್ಲಿ ಅದೇ ರಾಗವನ್ನು ತಮ್ಮ ಮನೋಧರ್ಮದಿಂದ ಅರಳಿಸಬೇಕು. ಮೈಕ್ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ನಾದ ಮುಟ್ಟಲೆಂದು ಮೂರು ತಂತಿ ಹೆಚ್ಚಿಸಿ ಏಳು ತಂತಿಯ ಪಿಟೀಲು ನುಡಿಸಿದ ತಿರುಮಕೂಡಲು ಚೌಡಯ್ಯನವರೂ (1895–1967) ಘಟಾನುಘಟಿ ಗಾಯಕರ ಪಕ್ಕದಲ್ಲಿ ಕುಳಿತು ನುಡಿಸಿದವರೇ. ಅದು ಸಣ್ಣ ವಿದ್ಯೆಯಲ್ಲ. ಆದರೂ ವೇದಿಕೆಯ ನಡುವಿನ ಜಾಗಕ್ಕಾಗಿ ಇಷ್ಟು ವರ್ಷ ಕಾಯಬೇಕಾಗುವುದು ನನಗೆ ನೋವಿನ ಸಂಗತಿ.

ಭಾನುವಾರ ಬೆಳಿಗ್ಗೆ ಏಳು ಸುತ್ತಿನ ಕೋಟೆ ಹತ್ತಿದೆವು. ಓಬವ್ವನ ಕಿಂಡಿಯ ಬಳಿಯಲ್ಲೂ ಅವಳು ಎಡಗೈಯನ್ನು ಒರಟು ಬಂಡೆಗೆ ತಾಗಿಸದೆ ದುಪಟ್ಟಾದೊಳಗೆ ಮುಚ್ಚಿಕೊಂಡೇ ಇಳಿದಳು. ಬೆರಳ ತುದಿ ತರಚಿದರೆ ಸಂಜೆ ತಂತಿಯ ಮೇಲೆ ಬೆರಳು ಸರಾಗವಾಗಿ ಜಾರಿ ಗಮಕ ಮೂಡುವುದಿಲ್ಲ.

ಬಯಲುಸೀಮೆಯ ಒಣಹವೆಗೆ ಮರ ಕುಗ್ಗಿ, ಪಿಟೀಲಿನ ತಂತಿ ಬಿಗಿಯುವ ಬಿರಡೆಗಳು ಸಡಿಲವಾಗಿದ್ದವು. ಮಧ್ಯಾಹ್ನ ಕೋಣೆಯಲ್ಲಿ ಒಂದೊಂದನ್ನೇ ಬಿಚ್ಚಿ, ಸೀಮೆಸುಣ್ಣ ಸವರಿ, ತಿರುಗಿಸಿ ಕೂರಿಸಿದಳು. ಆದರೂ ಸಂಜೆ ತೋಡಿ ರಾಗದ ಆಲಾಪನೆ ತಾರಸ್ಥಾಯಿಗೆ ಏರುವ ಹೊತ್ತಿಗೆ ಪಂಚಮದ ತಂತಿ ಇಳಿದುಹೋಯಿತು. ಪಕ್ಕವಾದ್ಯದಲ್ಲಾಗಿದ್ದರೆ ಗಾಯಕರು ಹಾಡುತ್ತಿರುವಾಗಲೇ ಬಗ್ಗಿ ಸರಿಮಾಡಿಕೊಳ್ಳಬಹುದಿತ್ತು. ಇಲ್ಲಿ ಆ ಮೌನವನ್ನು ತುಂಬುವವರು ಯಾರೂ ಇರಲಿಲ್ಲ. ತಂಬೂರಿಯ ಶ್ರುತಿಯೊಂದೇ ಮೊಳಗುತ್ತಿದ್ದಾಗ ಅವಳು ಅವಸರಪಡದೆ ಬಿರಡೆ ಒತ್ತಿ ತಿರುಗಿಸಿ, ಕಮಾನನ್ನು ಎರಡು ಬಾರಿ ಎಳೆದು ನೋಡಿ, ನಿಲ್ಲಿಸಿದ ಸ್ವರದಿಂದಲೇ ಮತ್ತೆ ಎತ್ತಿಕೊಂಡಳು. ನನ್ನ ಅಂಗೈ ಬೆವೆತಿತ್ತು.

ಕೊನೆಯಲ್ಲಿ ದೇವರನಾಮವೊಂದನ್ನು ನುಡಿಸಿದಳು. ಪಿಟೀಲಿಗೆ ಮಾತಿಲ್ಲ, ಸಾಹಿತ್ಯ ಕೇಳುಗರ ನೆನಪಿನಲ್ಲಿರಬೇಕು. ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರ ತುಟಿಗಳು ಪಲ್ಲವಿಯಿಂದ ಚರಣದವರೆಗೂ ಒಂದಕ್ಷರ ತಪ್ಪದೆ ಅಲುಗುತ್ತಿದ್ದವು.

ಮರುದಿನ ಹಿರಿಯೂರು ದಾಟುವಾಗ ಅವಳಿಗೆ ಮೈಸೂರಿನಿಂದ ಫೋನ್ ಬಂತು.

“ಹಾಡೋರು ಯಾರು, ಸರ್? ಶ್ರುತಿ ಎಷ್ಟು?” ಎಂದು ಕೇಳಿ ಡೈರಿಯಲ್ಲಿ ಬರೆದುಕೊಂಡಳು. ಆಮೇಲೆ ನನ್ನತ್ತ ತಿರುಗಿ, “ಚಿಕ್ಕಪ್ಪ, ಮುಂದಿನ ಬುಧವಾರ ಪಕ್ಕವಾದ್ಯ,” ಎಂದಳು. ಅವಳ ಉಗುರಿನ ಸಂದಿಯಲ್ಲಿ ಸೀಮೆಸುಣ್ಣ ಇನ್ನೂ ಬೆಳ್ಳಗಿತ್ತು.