ತಟ್ಟೆ ಯಾವ ಕಾಲಮ್ಮಿಗೆ ಸೇರಬೇಕು

“ಉಳಿದ ಮಕ್ಕಳೆಲ್ಲ ಪುಸ್ತಕದಲ್ಲಿ ಎಣಿಸುವಾಗ ನನ್ನ ಮಗ ಮಾತ್ರ ಯಾಕೆ ಮೇಡಂ ತಟ್ಟೆ ಎಣಿಸಬೇಕು?”

ಈ ಮಂಗಳವಾರ ನಮ್ಮ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಕಚೇರಿ ಕೋಣೆಯಲ್ಲಿ ಒಬ್ಬ ತಾಯಿ ಕೇಳಿದ ಪ್ರಶ್ನೆಯಿದು. ಕೇಳಿದ್ದು ನನ್ನನ್ನು. ಬಿಐಇಆರ್‌ಟಿಯಾಗಿ ಅಂದರೆ ತಾಲ್ಲೂಕಿನ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕಿಯಾಗಿ, ಶಾಲೆಯಿಂದ ಶಾಲೆಗೆ ತಿರುಗುತ್ತಾ, ವಿಶೇಷ ಅಗತ್ಯವುಳ್ಳ ಮಕ್ಕಳ ವೈಯಕ್ತಿಕ ಶಿಕ್ಷಣ ಯೋಜನೆಯನ್ನು ತರಗತಿಯ ಶಿಕ್ಷಕರ ಜೊತೆ ಕುಳಿತು ಬರೆಯುವುದು ನನ್ನ ಕೆಲಸದ ಬಹುಭಾಗ. ಶಾಲೆಗಳು ಶುರುವಾದ ಮೊದಲ ಎರಡು ತಿಂಗಳಲ್ಲಿ ಈ ಕೆಲಸ ಮುಗಿಯಬೇಕು, ಮುಗಿಯುವುದಿಲ್ಲ. 2022ರಲ್ಲಿ, ಸುಪ್ರೀಂ ಕೋರ್ಟಿನ ಹಿಂದಿನ ವರ್ಷದ ತೀರ್ಪನ್ನು ಅನುಸರಿಸಿ, ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ, ಹಿರಿಯ ಪ್ರಾಥಮಿಕದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು. ಆ ಲೆಕ್ಕವನ್ನು ನಮ್ಮ ತಾಲ್ಲೂಕಿಗೆ ಹಾಕಿ ನೋಡುವ ಗೋಜಿಗೆ ನಾನು ಹೋಗುವುದಿಲ್ಲ. ಬಸ್ಸಿನ ಸಮಯ ನೋಡಿಕೊಳ್ಳುವುದೇ ಹೆಚ್ಚು ಉಪಯೋಗದ್ದು.

ಹುಡುಗ ನಾಲ್ಕನೆಯ ತರಗತಿಯವನು. ಡೌನ್ ಸಿಂಡ್ರೋಮ್ ಇದೆ. ಮಾತು ಬಿಡಿ ಬಿಡಿಯಾಗಿ, ಅರ್ಧರ್ಧ ಬರುತ್ತದೆ. ನಲಿ-ಕಲಿಯ ಮೂರು ವರ್ಷ ಮುಗಿಸಿ ಬಂದಿದ್ದಾನೆ. ಅಲ್ಲಿ ಮಕ್ಕಳು ತಟ್ಟೆಗಳಲ್ಲಿ, ಅಂದರೆ ಗುಂಪುಗಳಲ್ಲಿ, ತಮ್ಮ ತಮ್ಮ ಮೆಟ್ಟಿಲಿನಿಂದ ಮುಂದಕ್ಕೆ ಹೋಗುವುದರಿಂದ ಇವನೂ ಹೇಗೋ ಹೊಂದಿಕೊಂಡಿದ್ದ. ನಾಲ್ಕಕ್ಕೆ ಬಂದ ಕೂಡಲೇ ಎಲ್ಲರಿಗೂ ಒಂದೇ ಪಾಠ, ಒಂದೇ ಪುಟ. ಅವನ ತರಗತಿಯ ಶಿಕ್ಷಕಿ ಚಿಕ್ಕ ವಯಸ್ಸಿನವರು. ನಾಲ್ಕು ಮತ್ತು ಐದನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ ಮಾಡುತ್ತಾರೆ. ಅವರು ಶ್ರದ್ಧೆಯಿಂದ ಒಂದು ಹಾಳೆಯಲ್ಲಿ ಬರೆದುಕೊಂಡು ಬಂದಿದ್ದರು: ಐದರವರೆಗೆ ಬಾಯಿಪಾಠ ಹೇಳುತ್ತಾನೆ, ಮುಂದಕ್ಕೆ ಬರುವುದಿಲ್ಲ, ಸಂಖ್ಯೆ ತೋರಿಸಿದರೆ ಗುರುತಿಸುವುದಿಲ್ಲ. ಮುಖ್ಯ ಶಿಕ್ಷಕರ ಸಿದ್ಧತೆ ಬೇರೆ ಬಗೆಯದು. ಹೋದ ವರ್ಷ ಮತ್ತೊಬ್ಬ ಮಗುವಿಗೆಂದು ಮಾಡಿದ ಫೈಲನ್ನು ಮೇಜಿನ ಮೇಲಿಟ್ಟು, “ಇದನ್ನೇ ನೋಡ್ಕೊಂಡು ಬರೆದುಬಿಡಿ ಮೇಡಂ, ವಿಸಿಟ್‌ಗೆ ಬಂದೋರು ಫೈಲ್ ಇದೆಯಾ ಅಂತಷ್ಟೇ ಕೇಳೋದು” ಎಂದರು. ಕೆಟ್ಟವರಲ್ಲ, ಸ್ವಂತ ದುಡ್ಡಿನಲ್ಲಿ ಶಾಲೆಯ ಶೌಚಾಲಯಕ್ಕೆ ಇಳಿಜಾರು ಕಟ್ಟಿಸಿದವರು. ಆದರೆ ಇಳಿಜಾರು ಕಣ್ಣಿಗೆ ಕಾಣುತ್ತದೆ, ಯೋಜನೆ ಕಾಣುವುದಿಲ್ಲ ಎಂಬ ಭಾವನೆ ಅವರದು. ಹೆಚ್ಚಿನ ಮುಖ್ಯ ಶಿಕ್ಷಕರದ್ದೂ ಅದೇ.

ಇಂಥ ಹೊತ್ತಿನಲ್ಲಿ ಬಾಗಿಲಲ್ಲಿ ಅಕ್ಕಿಯ ಲೆಕ್ಕಕ್ಕೆ ಸಹಿ ಹಾಕಿಸಲು ಬಂದು ನಿಂತಿದ್ದ ಬಿಸಿಯೂಟದ ಅಡುಗೆಯಮ್ಮ, ಯಾರೂ ಕೇಳದೆಯೇ ಬಾಯಿ ಹಾಕಿದರು. “ಅವ್ನಿಗೆ ಲೆಕ್ಕ ಬರಲ್ಲ ಅಂತ ಯಾರಂದ್ರು? ದಿನಾ ತಟ್ಟೆ ಹಾಕೋನು ಅವನೇ. ಒಂದು ಕಮ್ಮಿ ಬಿದ್ರೆ ಬಂದು ನನ್ನ ಸೆರಗು ಎಳೀತಾನೆ.”

“ಅದು ಅಡುಗೆಮನೆ ವಿಷಯ ಬಿಡಮ್ಮ,” ಎಂದರು ಮುಖ್ಯ ಶಿಕ್ಷಕರು.

ನನಗೆ ಮಾತ್ರ ಕಿವಿ ನೆಟ್ಟಗಾಯಿತು. ನಾವು ಬಳಸುವ ಮೌಲ್ಯಮಾಪನ ಪಟ್ಟಿಗಳಲ್ಲಿ ಹಳೆಯದೊಂದು ಮದರಾಸಿನಲ್ಲಿ ರೂಪುಗೊಂಡದ್ದು, ಎಂಡಿಪಿಎಸ್ ಎನ್ನುತ್ತೇವೆ. ಅದರಲ್ಲಿ 18 ವಿಭಾಗಗಳು, ಒಂದೊಂದರಲ್ಲಿ 20ರಂತೆ ಒಟ್ಟು 360 ಅಂಶಗಳಿವೆ. ಊಟ, ಬಟ್ಟೆ ತೊಡುವುದು, ಓದು, ಸಂಖ್ಯೆ, ಸಮಯ, ಹಣ, ಮನೆಗೆಲಸ ಎಲ್ಲಕ್ಕೂ ಅಲ್ಲಿ ಜಾಗವಿದೆ. ಮಗು ಏನು ಮಾಡಬಲ್ಲದು, ಇನ್ನೂ ಏನು ಮಾಡಲಾರದು ಎಂಬುದನ್ನು ಅಂಶವಾರು ಗುರುತಿಸಿ, ಮಾಡಬಲ್ಲದ್ದರ ಪಕ್ಕದಲ್ಲೇ ಇರುವ ಮುಂದಿನದನ್ನು ಗುರಿಯಾಗಿ ಇಟ್ಟುಕೊಳ್ಳುವುದು ಪದ್ಧತಿ. ಬುದ್ಧಿಮಾಂದ್ಯತೆಯಿರುವ ಮಕ್ಕಳಿಗೆ ಬದುಕಿನಲ್ಲಿ ಬಳಕೆಗೆ ಬರುವ ಕಲಿಕೆಯನ್ನು ಮೊದಲು ಕೊಡಬೇಕೆಂದು ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದಾರೆ, ನಾವೂ ನಂಬಿದ್ದೇವೆ. ಆದ್ದರಿಂದ ವಾರ್ಷಿಕ ಗುರಿಯ ಕಾಲಮ್ಮಿನಲ್ಲಿ ‘ಬಿಸಿಯೂಟದ ವೇಳೆ 20 ತಟ್ಟೆಗಳನ್ನು ಎಣಿಸಿ ಹಂಚುವುದು’ ಎಂದು ಬರೆಯೋಣವೆಂದು ನಾನು ಗಟ್ಟಿಯಾಗಿಯೇ ಹೇಳಿದೆ. ಶಿಕ್ಷಕಿಯ ಮುಖ ಅರಳಿತು. ಪಾಠದ ಸಮಯ ಹಾಳಾಗುವುದಿಲ್ಲವಲ್ಲ.

ಅದುವರೆಗೆ ಬೆಂಚಿನ ತುದಿಯಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ತಾಯಿ ಆಗ ಆ ಪ್ರಶ್ನೆ ಕೇಳಿದರು. ಧ್ವನಿ ಏರಿಸಲಿಲ್ಲ. ಯಾರೂ ಉತ್ತರಿಸದಿದ್ದುದನ್ನು ನೋಡಿ ತಾವೇ ಮುಂದುವರಿಸಿದರು: “ನಾನು ಛತ್ರದಲ್ಲಿ ಪಾತ್ರೆ ತೊಳೆಯೋಳು. ಮದುವೆ ಇದ್ದ ದಿನ ಎಷ್ಟು ತಟ್ಟೆ ಅಂತ ನಾನೂ ಎಣಿಸ್ತೀನಿ. ಅದಕ್ಕೆ ಇಸ್ಕೂಲು ಬೇಕಾ?”

ಈ ಮಾತನ್ನು ಅಂದಿನಿಂದ ಮನಸ್ಸಿನಲ್ಲಿ ಹಲವು ಬಗೆಯಲ್ಲಿ ತಿರುವಿ ಹಾಕುತ್ತಿದ್ದೇನೆ. ಮೊದಲಿಗೆ ನನಗೆ ಅನಿಸಿದ್ದು, ಅವರಿಗೆ ಮಗನ ಸ್ಥಿತಿ ಇನ್ನೂ ಅರ್ಥವಾಗಿಲ್ಲ, ಒಪ್ಪಿಕೊಳ್ಳಲು ಸಮಯ ಬೇಕು ಎಂದು. ನಮ್ಮ ಕ್ಷೇತ್ರದಲ್ಲಿ ಇದು ಬಹಳ ಅನುಕೂಲದ ವಿವರಣೆ. ಪಾಲಕರು ನಮ್ಮ ಮಾತಿಗೆ ತಲೆಯಾಡಿಸಿದರೆ ಅವರು ‘ಒಪ್ಪಿಕೊಂಡವರು’, ಎದುರಾಡಿದರೆ ‘ಒಪ್ಪಿಕೊಳ್ಳದವರು’. ಎದುರಾಡಿದ್ದರಲ್ಲಿ ಹುರುಳಿರಬಹುದೇ ಎಂದು ನೋಡುವ ಅಗತ್ಯವೇ ಬೀಳುವುದಿಲ್ಲ. ಆದರೆ ಈ ತಾಯಿ ಮಗನ ಸ್ಥಿತಿಯನ್ನು ನಮಗಿಂತ ಚೆನ್ನಾಗಿ ಬಲ್ಲವರು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗಾಗಿ ಜಿಲ್ಲಾಸ್ಪತ್ರೆಗೆ ಅಲೆದವರು, ಮಾತಿನ ತರಬೇತಿಗೆಂದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯವರೆಗೂ ಸಾಲ ಮಾಡಿಕೊಂಡು ಹೋಗಿ ಬಂದವರು. ಅವರು ಕೇಳಿದ್ದು ಮಗನ ಕುರಿತಲ್ಲ, ನಮ್ಮ ಕುರಿತು. ಇದೇ ಹುಡುಗ ಊರಿನ ದೊಡ್ಡ ಮನೆಯಲ್ಲಿ ಹುಟ್ಟಿದ್ದರೆ ಅವನ ಬದುಕಿಗೆ ಬಳಕೆಯಾಗುವ ಕಲಿಕೆ ಯಾವುದೆಂದು ನಾವು ಬರೆಯುತ್ತಿದ್ದೆವು? ತಟ್ಟೆಯಂತೂ ನೆನಪಿಗೆ ಬರುತ್ತಿರಲಿಲ್ಲ. ಪಾತ್ರೆ ತೊಳೆಯುವವರ ಮಗನಿಗೆ ತಟ್ಟೆ ಎಂಬುದು ಅಷ್ಟು ಸಲೀಸಾಗಿ ಹೊಳೆದದ್ದೇ ಅವರನ್ನು ಚುಚ್ಚಿತು. ನಮ್ಮ ಪಟ್ಟಿಯಲ್ಲಿ ಸಂಖ್ಯೆಯೇ ಬೇರೆ ವಿಭಾಗ, ಮನೆಗೆಲಸವೇ ಬೇರೆ ವಿಭಾಗ. ಆ ತಟ್ಟೆಯನ್ನು ನಾನು ಸಂಖ್ಯೆಯೆಂದು ಓದಿದೆ, ಅವರು ಮನೆಗೆಲಸವೆಂದು ಓದಿದರು.

ಊಟದ ಗಂಟೆಯವರೆಗೂ ಮಾತು ಮುಂದುವರಿಯಲಿಲ್ಲ. ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದ ಅವರನ್ನು ಸಹಿಯಿಲ್ಲದೆ ಕಳಿಸುವಂತಿರಲಿಲ್ಲ. ನಾನು ಆ ಸಹಿಯನ್ನು ಆಗಲೇ ಕೇಳುವಂತೆಯೂ ಇರಲಿಲ್ಲ. ಜಗಲಿಗೆ ಹೋಗಿ ನಿಂತೆವು. ಹುಡುಗ ಸ್ಟೀಲ್ ತಟ್ಟೆಗಳ ದಿಂಡನ್ನು ಎದೆಗವಚಿಕೊಂಡು ಬಂದ. ಸಾಲಾಗಿ ಕುಳಿತ ಮಕ್ಕಳ ಮುಂದೆ ನಡೆಯುತ್ತಾ, ಪ್ರತಿಯೊಬ್ಬರ ಮುಖ ನೋಡಿ, ಹೆಗಲು ಮುಟ್ಟಿ, ಒಂದು ತಟ್ಟೆ ಇಟ್ಟು ಮುಂದೆ ಹೋದ. ಬಾಯಲ್ಲಿ ಒಂದು, ಎರಡು ಎಂಬ ಸದ್ದಿಲ್ಲ. ಕೊನೆಯಲ್ಲಿ ಕೈಯಲ್ಲಿ ಒಂದು ತಟ್ಟೆ ಉಳಿಯಿತು. ಅದನ್ನು ಹಿಡಿದು ಸಾಲಿನ ನಡುವಿನ ಒಂದು ಜಾಗಕ್ಕೆ ವಾಪಸು ಹೋಗಿ, ಅಲ್ಲಿ ಪಕ್ಕಪಕ್ಕ ಕುಳಿತಿದ್ದ ಇಬ್ಬರು ಹುಡುಗಿಯರನ್ನು ನೋಡಿ, ಗೇಟಿನ ಕಡೆ ಕೈ ತೋರಿಸಿ ‘ಕಾ… ಕಾ’ ಎಂದ. ಅವತ್ತು ಜ್ವರವೆಂದು ಬಾರದಿದ್ದ ಹುಡುಗಿಯ ಹೆಸರಿನ ಮೊದಲ ಅಕ್ಷರವದು.

ಅಡುಗೆಯಮ್ಮ ಹೇಳಿದ್ದು ನಿಜ, ಆದರೆ ಪೂರ್ತಿ ನಿಜವಲ್ಲ. ಅವನು ಎಣಿಸುತ್ತಿಲ್ಲ, ಹೊಂದಿಸುತ್ತಿದ್ದಾನೆ: ಒಬ್ಬರಿಗೆ ಒಂದು. ಎಣಿಕೆಗಿಂತ ಮೊದಲು ಮಗುವಿಗೆ ಬರಬೇಕಾದದ್ದು ಇದೇ. ಹತ್ತರವರೆಗೆ ಬಾಯಿಪಾಠ ಹೇಳುವ ಎಷ್ಟೋ ಮಕ್ಕಳಿಗೆ ಇದು ಬಾರದೆ ಐದು ಬೀಜಗಳ ಮುಂದೆ ಏಳರವರೆಗೆ ಹೇಳಿಬಿಡುತ್ತಾರೆ. ಇವನಲ್ಲಿ ಬಾಯಿಪಾಠ ಒಂದು ಕಡೆ, ಹೊಂದಿಸುವಿಕೆ ಇನ್ನೊಂದು ಕಡೆ ಇದೆ, ಎರಡನ್ನೂ ಜೋಡಿಸಿದವರಿಲ್ಲ. ಇದನ್ನು ನಾನು ತಾಯಿಗೆ ವಿವರಿಸಲು ಹೊರಟೆ. ಅವರು ಅರ್ಧಕ್ಕೇ ತಡೆದರು.

“ಮನೇಲೂ ಹೀಗೇ ಮಾಡ್ತಾನೆ ಮೇಡಂ. ಅದಕ್ಕೇ ಹೇಳಿದ್ದು, ಅದು ಅವನಿಗೆ ಬರುತ್ತೆ. ಬರದೇ ಇರೋದನ್ನ ಕಲಿಸಿ.”

ನಮೂನೆಯಲ್ಲಿ ‘ಈಗಿನ ಮಟ್ಟ’ ಎಂದೊಂದು ಕಾಲಂ ಇದೆ, ‘ಗುರಿ’ ಎಂದು ಇನ್ನೊಂದಿದೆ. ತಟ್ಟೆ ಸೇರಬೇಕಾದದ್ದು ಮೊದಲನೆಯದಕ್ಕೆ, ಪುಸ್ತಕ ಸೇರಬೇಕಾದದ್ದು ಎರಡನೆಯದಕ್ಕೆ ಎಂದು ನಮಗೆ ತೋರಿಸಿಕೊಟ್ಟವರು ಛತ್ರದ ಕೆಲಸದ ಆ ಹೆಂಗಸು. ಯೋಜನೆಯಲ್ಲಿ ನಡೆಯುವ ಅತಿ ದೊಡ್ಡ ಅನ್ಯಾಯ ಮುಖ್ಯ ಶಿಕ್ಷಕರ ನಕಲು ಫೈಲಿನಲ್ಲಿಲ್ಲ, ಅದನ್ನು ಯಾರು ಬೇಕಾದರೂ ಹಿಡಿಯಬಹುದು. ಮಗು ಈಗಾಗಲೇ ಮಾಡುತ್ತಿರುವುದನ್ನೇ ತುಸು ಹಿಗ್ಗಿಸಿ ಗುರಿಯೆಂದು ಬರೆದು, ವರ್ಷದ ಕೊನೆಗೆ ‘ಸಾಧಿಸಿದೆ’ ಎಂದು ಗುರುತು ಹಾಕುವುದರಲ್ಲಿದೆ. ಎಲ್ಲರೂ ಸಂತೋಷವಾಗಿರುತ್ತಾರೆ, ಮಗು ಇದ್ದಲ್ಲೇ ಇರುತ್ತದೆ.

ಇಂಥ ಯೋಜನೆಯನ್ನು ಕಾನೂನಿನ ಕಡ್ಡಾಯವಾಗಿ ಮೊದಲು ತಂದ 1975ರ ಅಮೆರಿಕದ ಶಾಸನ ಪಾಲಕರನ್ನು ಯೋಜನಾ ಸಭೆಯ ಸದಸ್ಯರನ್ನಾಗಿ ಮಾಡಿತು. ಒಪ್ಪಿಗೆಯಾಗದಿದ್ದರೆ ವಿಚಾರಣೆ ಕೇಳುವ ಹಕ್ಕನ್ನೂ ಕೊಟ್ಟಿತು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೆಯ ಕಲಂ ಮಗುವಿಗೆ ವೈಯಕ್ತಿಕ ಬೆಂಬಲ ಕೊಡಬೇಕು, ಪ್ರಗತಿಯನ್ನು ಗಮನಿಸುತ್ತಿರಬೇಕು ಎನ್ನುತ್ತದೆ. ಆ ಬೆಂಬಲದ ಸ್ವರೂಪವನ್ನು ತೀರ್ಮಾನಿಸುವಾಗ ತಾಯಿಯ ಮಾತಿಗೆ ಎಷ್ಟು ತೂಕ ಎಂದು ಅಲ್ಲಿ ಬರೆದಿಲ್ಲ. ಹಾಗಾಗಿ ಅವರ ಪಾಲಿಗೆ ಉಳಿದಿರುವುದು ನಮೂನೆಯ ಕಟ್ಟಕಡೆಯ ಗೆರೆ, ಸಹಿ. ಮಾತಾಡಬೇಕಾದ ಹೊತ್ತಿನಲ್ಲಿ ಅವರು ಬೆಂಚಿನ ತುದಿಯಲ್ಲಿರುತ್ತಾರೆ, ಎಲ್ಲ ಮುಗಿದ ಮೇಲೆ ಪೆನ್ನು ಅವರ ಕೈಗೆ ಬರುತ್ತದೆ. ಈ ತಾಯಿ ಆ ಸರದಿಯನ್ನು ಕಾಯಲಿಲ್ಲ, ಅಷ್ಟೇ.

ಊಟವಾದ ಮೇಲೆ ಹಾಳೆಯನ್ನು ಹೊಸದಾಗಿ ಬರೆದೆವು. ಈಗಿನ ಮಟ್ಟ: ಒಬ್ಬರಿಗೆ ಒಂದರಂತೆ ತಟ್ಟೆ ಹಂಚುತ್ತಾನೆ, ಹೆಚ್ಚು ಕಡಿಮೆಯಾದರೆ ಗುರುತಿಸುತ್ತಾನೆ, ಯಾರು ಬಂದಿಲ್ಲವೆಂದು ತಿಳಿಸುತ್ತಾನೆ, ಎಷ್ಟು ಎಂದು ಕೇಳಿದರೆ ಹೇಳುವುದಿಲ್ಲ. ಮೊದಲ ಮೂರು ತಿಂಗಳ ಗುರಿ: ಗಣಿತದ ಅವಧಿಯಲ್ಲಿ ಉಳಿದವರ ಜೊತೆಯಲ್ಲೇ ಕುಳಿತು, ಪುಸ್ತಕದ ಪುಟದಲ್ಲಿರುವ ಚಿತ್ರಗಳ ಮೇಲೆ ಒಂದೊಂದೇ ಹುಣಸೆಬೀಜ ಇಡುತ್ತಾ ಹತ್ತರವರೆಗೆ ಎಣಿಸಿ, ಆ ಸಂಖ್ಯೆಯ ಕಾರ್ಡನ್ನು ಆರಿಸುವುದು. ಎರಡು ತರಗತಿಗಳ ನಡುವೆ ಇದಕ್ಕೆ ಎಲ್ಲಿಂದ ಬಿಡುವು ತರಲಿ ಎಂದು ಶಿಕ್ಷಕಿ ಕೇಳಿದ್ದು ನ್ಯಾಯವೇ. ಐದನೆಯ ತರಗತಿಯ ಇಬ್ಬರು ಮಕ್ಕಳನ್ನು ಸರದಿಯಂತೆ ಅವನ ಜೊತೆ ಕೂರಿಸುವುದೆಂದಾಯಿತು. ಇದು ಎಷ್ಟರಮಟ್ಟಿಗೆ ನಡೆಯುತ್ತದೋ ನನಗೆ ಅನುಮಾನವಿದೆ. ತಾಯಿ ಪೂರ್ತಿ ಓದಿಸಿಕೊಂಡು ಸಹಿ ಮಾಡಿ, ತಮಗೊಂದು ಪ್ರತಿ ಬೇಕೆಂದರು. ಮುಖ್ಯ ಶಿಕ್ಷಕರು ಕೊಡುವ ರೂಢಿಯಿಲ್ಲವೆಂದರು; ಕೊಡಬಾರದೆಂದೂ ಇಲ್ಲ ಎಂದು ನಾನು ಹೇಳಿದ್ದಕ್ಕೆ ಜೆರಾಕ್ಸಿಗೆ ಹುಡುಗನೊಬ್ಬನನ್ನು ಕಳಿಸಿದರು.

ಇನ್ನು ತಟ್ಟೆ ಹಾಕುವ ಕೆಲಸ. ಅದನ್ನು ಅವನಿಂದ ಬಿಡಿಸಿದರೆ ದಿಂಡು ಹುಡುಕಿಕೊಂಡು ಅಡುಗೆಮನೆಗೇ ಬಂದು ನಿಲ್ಲುತ್ತಾನೆ ಎಂದು ಅಡುಗೆಯಮ್ಮ ಎಚ್ಚರಿಸಿದರು. ಅದನ್ನು ಇಷ್ಟಪಟ್ಟು ಮಾಡುತ್ತಾನೆಂಬುದನ್ನು ತಾಯಿಯೂ ಅಲ್ಲಗಳೆಯಲಿಲ್ಲ. ಶಿಕ್ಷಕಿಯೇ ಒಂದು ದಾರಿ ಹೇಳಿದರು: ಹಾಜರಿ ಪುಸ್ತಕದ ಕ್ರಮದಲ್ಲಿ ದಿನಕ್ಕಿಬ್ಬರಂತೆ ನಾಲ್ಕು ಮತ್ತು ಐದನೆಯ ತರಗತಿಯ ಎಲ್ಲ ಮಕ್ಕಳೂ ತಟ್ಟೆ ಹಾಕಲಿ, ಇವನೂ ತನ್ನ ಸರದಿಯಲ್ಲಿ ಹಾಕಲಿ. ಬೇರೆ ಪಾಲಕರು ತಕರಾರು ತೆಗೆದರೆ ಯಾರು ಹೊಣೆ ಎಂದು ಮುಖ್ಯ ಶಿಕ್ಷಕರು ಕೇಳಿದರು. ಆ ತಕರಾರು ಇಷ್ಟು ದಿನ ಇವನ ವಿಷಯದಲ್ಲಿ ಯಾಕೆ ಹೊಳೆಯಲಿಲ್ಲ ಎಂದು ತಾಯಿ ಕೇಳಿದರು. ವಿಷಯವನ್ನು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಮುಂದಿನ ಸಭೆಗೆ ಇಡುವುದೆಂದು ತೀರ್ಮಾನವಾಗಿದೆ. ತಾವೂ ಬರುವುದಾಗಿ ಅವರು ಅಲ್ಲೇ ಹೇಳಿ ಹೋದರು.