ಗಾಯ ಮಾಗಿದ ಮೇಲೆ ಬಂದ ಫಿಟ್ಸ್

ಮೊದಲು ಎಡಗೈ ಬೆರಳುಗಳು ಜಗ್ಗತೊಡಗಿದವು. ಬಾಯಿ ಎಡಕ್ಕೆ ಎಳೆಯಿತು. ನೋಡನೋಡುತ್ತಲೇ ಇಡೀ ಮೈ ಸೆಟೆದು, ಹುಡುಗ ಚಾಪೆಯ ಮೇಲೆ ಉರುಳಿದ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆಯ ಒಂದು ಮನೆ. ಬೆಳಿಗ್ಗೆ ಕೈಕಾಲು ವ್ಯಾಯಾಮ ಮಾಡಿಸುವ ಹೊತ್ತು. ಎಂಟು ತಿಂಗಳ ಹಿಂದೆ ಹರಿಹರದಿಂದ ಬರುವಾಗ ಬೈಕಿನಿಂದ ಬಿದ್ದಿದ್ದ, ಹೆಲ್ಮೆಟ್ ಇರಲಿಲ್ಲ. ತಲೆಯ ಬಲಭಾಗದಲ್ಲಿ ಮಿದುಳಿನ ಪೊರೆಯ ಕೆಳಗೆ ರಕ್ತ ಹೆಪ್ಪುಗಟ್ಟಿ ಆಪರೇಷನ್ ಆಗಿತ್ತು. ಬಲಗಡೆಯ ಮಿದುಳು ಎಡಗೈಯನ್ನು ಆಡಿಸುತ್ತದೆ. ಫಿಟ್ಸ್ ಎಡಗೈಯಿಂದ ಶುರುವಾದದ್ದು ಅದಕ್ಕೇ. ಯಾವ ಅಂಗ ಮೊದಲು ಜಗ್ಗಿತು ಎಂದು ನೋಡಿಟ್ಟುಕೊಂಡರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿದಂತೆ.

ಓಣಿಯೆಲ್ಲ ಬಾಗಿಲಿಗೆ ಬಂತು. “ಕೈಗೆ ಕಬ್ಬಿಣ ಕೊಡ್ರೀ”, “ಉಳ್ಳಾಗಡ್ಡಿ ಮೂಸಿಸ್ರೀ”, “ಹಲ್ಲಿನ ನಡುವೆ ಚಮಚ ಇಡ್ರೀ, ನಾಲಿಗೆ ಕಡ್ಕೊಂತಾನೆ”. ಬಹುತೇಕ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತವೆ. ಬೀಗದ ಕೈ ಹುಡುಕಿ ತರುವಷ್ಟರಲ್ಲಿ ನಿಂತಿರುತ್ತದೆ, ಹೆಸರು ಮಾತ್ರ ಕಬ್ಬಿಣಕ್ಕೆ. ಚಮಚ ಇಟ್ಟರೆ ಹಲ್ಲು ಮುರಿದು ಗಂಟಲಿಗೆ ಇಳಿಯಬಹುದು. ಕಚ್ಚಿಕೊಂಡ ನಾಲಿಗೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಮಾಗುತ್ತದೆ.

ಮಾಡಬೇಕಾದ ಕೆಲಸ ಬಹಳ ಕಡಿಮೆ. ಮೊಬೈಲಿನಲ್ಲಿ ಸಮಯ ನೋಡಬೇಕು. ಗಾಬರಿಯಲ್ಲಿ ಒಂದು ನಿಮಿಷ ಹತ್ತು ನಿಮಿಷದಂತೆ ಕಾಣುತ್ತದೆ, ಅಂದಾಜು ನಂಬಬಾರದು. ತಲೆಯ ಕೆಳಗೆ ಟವೆಲ್ ಇಟ್ಟು, ಕೊರಳ ಗುಂಡಿ ಸಡಿಲಿಸಿ, ಸ್ಟೂಲು-ಕೊಡಗಳನ್ನು ಆಚೆ ಸರಿಸಬೇಕು. ಕೈಕಾಲು ಅದುಮಿ ಹಿಡಿಯಬಾರದು, ಕೀಲು ತಪ್ಪಬಹುದು. ಜಗ್ಗುವುದು ಕಡಿಮೆಯಾದ ಕೂಡಲೇ ಒಂದು ಮಗ್ಗುಲಿಗೆ ಹೊರಳಿಸಬೇಕು, ಜೊಲ್ಲು ಹೊರಗೆ ಹರಿಯಲಿ. ಪೂರ್ತಿ ಎಚ್ಚರವಾಗುವವರೆಗೆ ಒಂದು ಗುಟುಕು ನೀರೂ ಬೇಡ, ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ.

ಐದು ನಿಮಿಷ ದಾಟಿದರೆ, ಪ್ರಜ್ಞೆ ಬರುವ ಮೊದಲೇ ಇನ್ನೊಂದು ಬಂದರೆ, ಬೀಳುವಾಗ ತಲೆಗೆ ಮತ್ತೆ ಪೆಟ್ಟಾಗಿದ್ದರೆ 108. ಕೆಲವರಿಗೆ ಡಾಕ್ಟರು ಫಿಟ್ಸ್ ನಿಲ್ಲಿಸಲು ಮೂಗಿಗೆ ಹೊಡೆಯುವ ಮಿಡಜೋಲಮ್ ಸ್ಪ್ರೇ ಬರೆದುಕೊಟ್ಟಿರುತ್ತಾರೆ. ಒಂದು ಒತ್ತಿಗೆ 0.5 ಮಿಲಿಗ್ರಾಂ ಬೀಳುವುದೂ ಇದೆ, 1.25 ಬೀಳುವುದೂ ಇದೆ. ಚೀಟಿಯಲ್ಲಿ ‘ನಾಲ್ಕು ಒತ್ತು’ ಎಂದಷ್ಟೇ ಇದ್ದರೆ ಸಾಲದು, ಯಾವ ಬಾಟಲಿಗೆ ಎಂದು ಡಾಕ್ಟರ ಹತ್ತಿರವೇ ಬರೆಸಿಕೊಳ್ಳಬೇಕು.

ಇಲ್ಲಿ ಅಷ್ಟಕ್ಕೆ ಹೋಗಲಿಲ್ಲ, ಎರಡು ನಿಮಿಷದೊಳಗೆ ನಿಂತಿತು. ಆದರೆ ಎಡಗೈ ಮೇಲೇಳಲಿಲ್ಲ. “ಲಕ್ವ ಹೊಡೀತಲ್ಲೋ ಯಪ್ಪಾ” ಎಂದು ತಾಯಿ ಅಳತೊಡಗಿದರು. ಫಿಟ್ಸ್ ನಿಂತ ಮೇಲೆ ಮಿದುಳಿನಲ್ಲಿ ಅದು ಎದ್ದ ಭಾಗ ದಣಿದು, ಅಂಗ ಕೆಲವು ನಿಮಿಷದಿಂದ ಒಂದೆರಡು ದಿನದವರೆಗೂ ಸೋತಿರಬಹುದು. ತಾನಾಗಿ ಮರಳುತ್ತದೆ. ಹಾಗೆಂದು ಮನೆಯಲ್ಲೇ ಕಾಯುತ್ತ ಕೂರುವಂತಿಲ್ಲ. ತಲೆಯಲ್ಲಿ ಹೊಸದಾಗಿ ರಕ್ತ ಸೇರಿದ್ದರೂ ಕೈ ಹೀಗೇ ಸೋಲುತ್ತದೆ, ಸಿಟಿ ಸ್ಕ್ಯಾನ್ ಆಗದೆ ಎರಡನ್ನೂ ಬೇರ್ಪಡಿಸಲಾಗದು. ಆಟೋದಲ್ಲಿ ಜಿಲ್ಲಾಸ್ಪತ್ರೆಗೆ ಕರೆದೊಯ್ದರು. ಸ್ಕ್ಯಾನಿನಲ್ಲಿ ಹಳೆಯ ಗಾಯದ ಕಲೆ ಬಿಟ್ಟರೆ ಏನೂ ಇರಲಿಲ್ಲ. ರಕ್ತದಲ್ಲಿ ಸಕ್ಕರೆ ಸರಿಯಿತ್ತು, ಸೋಡಿಯಂ (ಉಪ್ಪಿನಂಶ) ತುಸು ಕಡಿಮೆ. ಮಧ್ಯಾಹ್ನದ ಹೊತ್ತಿಗೆ ಬೆರಳು ಮಡಿಸಿದ.

ಪೆಟ್ಟು ಬಿದ್ದ ಮೊದಲ ಏಳು ದಿನದೊಳಗೆ ಬರುವ ಫಿಟ್ಸ್ ಬೇರೆ, ಆಮೇಲಿನದು ಬೇರೆ. ಮೊದಲನೆಯದು ಹಸಿ ಗಾಯದ ಕಿರಿಕಿರಿ. ಅದನ್ನು ತಡೆಯಲು ಆಸ್ಪತ್ರೆಯಲ್ಲಿ ಒಂದು ವಾರ ಫೆನಿಟಾಯಿನ್ ಅಥವಾ ಲೆವೆಟಿರಸೆಟಮ್ ಕೊಟ್ಟು ನಿಲ್ಲಿಸುತ್ತಾರೆ. ಫೆನಿಟಾಯಿನ್ ಮುಂದೆ ಬರುವ ಫಿಟ್ಸನ್ನು ತಡೆಯುವುದಿಲ್ಲ ಎಂಬುದು 1990ರಲ್ಲೇ ಅಮೆರಿಕದ ಅಧ್ಯಯನದಲ್ಲಿ ಗೊತ್ತಾಗಿದೆ. ಎರಡನೆಯದು ಮಾಗಿದ ಕಲೆಯ ಸುತ್ತಲಿನ ನರಗಳಿಂದ ಏಳುವಂಥದ್ದು, ತಿಂಗಳು, ವರ್ಷ ಕಳೆದ ಮೇಲೂ ಬರಬಹುದು. ಒಮ್ಮೆ ಬಂದರೆ ಮತ್ತೆ ಬರುವ ಸಂಭವ ಹೆಚ್ಚು, ಹಾಗಾಗಿ ಆಗ ಮಾತ್ರೆ ವರ್ಷಗಟ್ಟಲೆ. ಈ ವ್ಯತ್ಯಾಸ ಬಿಡಿಸಿ ಹೇಳುವವರೇ ಇಲ್ಲ. “ಹೋದ ಸಲ ಅವರೇ ನಿಲ್ಸಿದ್ರಲ್ಲ” ಎಂದು ಜನ ಈ ಸಲದ್ದನ್ನೂ ತಾವೇ ನಿಲ್ಲಿಸಿಬಿಡುತ್ತಾರೆ.

ಈ ಹುಡುಗನಿಗೆ ಮೊದಲ ಫಿಟ್ಸ್ ಬಂದದ್ದು ಮೂರನೇ ತಿಂಗಳಲ್ಲಿ. ಅಂದಿನಿಂದ ಲೆವೆಟಿರಸೆಟಮ್ 500 ಮಿಲಿಗ್ರಾಂ, ಹನ್ನೆರಡು ತಾಸಿಗೊಮ್ಮೆ. ಹಾಗಾದರೆ ಈಗೇಕೆ ಬಂತು? ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆ. ಮನೆ ತುಂಬ ನೆಂಟರು, ಎರಡು ರಾತ್ರಿ ನಿದ್ದೆಯಿಲ್ಲ. ಬಾಡೂಟದ ಮೇಲೆ ಭೇದಿ ಹತ್ತಿ ಬರೀ ನೀರು ಕುಡಿದಿದ್ದ, ಸೋಡಿಯಂ ಇಳಿದದ್ದು ಅಲ್ಲಿ. ಭೇದಿಗೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸಿಪ್ರೊಫ್ಲೋಕ್ಸಾಸಿನ್ ಫಿಟ್ಸನ್ನು ಕೆರಳಿಸಬಲ್ಲ ಔಷಧ. ನೋವಿಗೆ ಕೊಡುವ ಟ್ರಮಡಾಲ್ ಕೂಡ ಹಾಗೆಯೇ. ಎಲ್ಲಕ್ಕಿಂತ ಮೇಲೆ, ಸ್ಟ್ರಿಪ್ ಮುಗಿದು ಎರಡು ಹೊತ್ತಿನ ಮಾತ್ರೆ ತಪ್ಪಿತ್ತು. ಫಿಟ್ಸ್ ಮರುಕಳಿಸಿದಾಗ ಡೋಸ್ ಏರಿಸುವ ಮೊದಲು ಖಾಲಿ ಸ್ಟ್ರಿಪ್ ಎಣಿಸಬೇಕು ಎನ್ನುವುದು ಇದಕ್ಕೇ. ಡೋಸ್ ಹಾಗೇ ಉಳಿಯಿತು. ಒಂದು ಹೊತ್ತು ತಪ್ಪಿದ್ದು ನೆನಪಾದರೆ ಕೂಡಲೇ ನುಂಗಬೇಕು. ಮುಂದಿನ ಹೊತ್ತು ಹತ್ತಿರವಿದ್ದರೆ ಅದೊಂದನ್ನೇ. ಎರಡೂ ಒಟ್ಟಿಗೆ ಬೇಡ.

“ಮೊದ್ಲು ಹಿಂಗೆ ರೇಗ್ತಿರ್ಲಿಲ್ಲ ರೀ” ಎಂದು ಅಣ್ಣ ಹೇಳಿದ್ದನ್ನು ಡಾಕ್ಟರು ಬರೆದುಕೊಂಡರು. ಹಣೆಯ ಹಿಂದಿನ ಮಿದುಳಿಗೆ ಪೆಟ್ಟಾದರೂ ಸಿಟ್ಟು ಏರುತ್ತದೆ, ಈ ಮಾತ್ರೆಯಿಂದಲೂ ಏರುತ್ತದೆ. ಮಾತ್ರೆ ಶುರುವಾದ ಮೇಲೆ ಹೆಚ್ಚಾಯಿತೇ ಎಂಬ ದಿನಾಂಕವೇ ಸುಳಿವು. ಬೇರೆ ಮಾತ್ರೆಗೆ ಬದಲಿಸಲು ಬರುತ್ತದೆ, ಆದರೆ ಥಟ್ಟನೆ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬರಬಹುದು. ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಪರೀಕ್ಷೆ ಬರೆದುಕೊಟ್ಟರು: ಹಿಂದಿನ ದಿನ ತಲೆಗೆ ಸ್ನಾನ, ಎಣ್ಣೆ ಹಚ್ಚಬಾರದು, ಮಾತ್ರೆ ಎಂದಿನಂತೆ. ಅದು ನಾರ್ಮಲ್ ಬಂದರೆ ರೋಗವಿಲ್ಲ ಎಂದರ್ಥವಲ್ಲ, ಆ ಅರ್ಧ ತಾಸಿನಲ್ಲಿ ಕಿಡಿ ಸಿಗಲಿಲ್ಲ ಅಷ್ಟೇ.

ಅಂದು ಯಾರೂ ಕೇಳದ ಒಂದು ಪ್ರಶ್ನೆ: ಹುಡುಗ ಮಾಡುವ ಕೆಲಸವೇನು? ಭಟ್ಟಿಯಲ್ಲಿ ಕಾದ ಮರಳಿನ ಮುಂದೆ ಅಕ್ಕಿ ಹುರಿಯುವುದು. ಅಲ್ಲಿ ಎಚ್ಚರ ತಪ್ಪಿದರೆ ಹತ್ತು ಸೆಕೆಂಡೂ ಹೆಚ್ಚು. ಮಾಲೀಕರೊಡನೆ ಮಾತಾಡಿ ಚೀಲ ತುಂಬಿ ಹೊಲಿಯುವ ಕಡೆಗೆ ಹಾಕಿಸಿದರು, ಕೂಲಿ ಸ್ವಲ್ಪ ಕಡಿಮೆ. ಭದ್ರಾ ಕಾಲುವೆಯ ಈಜು ಬಂದ್. ಬಚ್ಚಲಲ್ಲಿ ಕೂತೇ ಸ್ನಾನ, ಒಳಗಿನ ಚಿಲಕ ತೆಗೆಸಿದ್ದಾಯಿತು. ಬೈಕಿನ ಬಗ್ಗೆ ಮಾತ್ರ ಸಂಜೆವರೆಗೂ ಜಗಳ. ಲೈಸೆನ್ಸಿನ ಒಂದನೇ ನಮೂನೆಯಲ್ಲಿ ಮೂರ್ಛೆ ಇದೆಯೇ ಎಂದು ಕೇಳುತ್ತಾರೆ, ಇಲ್ಲ ಎಂದು ಸಹಿ ಹಾಕಿದರೆ ಸುಳ್ಳು ಘೋಷಣೆ. ಕೊನೆಗೆ ಅಣ್ಣ ಬೈಕನ್ನು ತನ್ನ ಅತ್ತೆ ಮನೆಗೆ ಸಾಗಿಸಿದ. ಹುಡುಗ ಅವತ್ತು ಅವನೊಡನೆ ಮಾತಾಡಲಿಲ್ಲ. ಎಂಟು ಗಂಟೆಯ ಮಾತ್ರೆಯನ್ನು ಮಾತ್ರ ಅವನ ಕೈಯಿಂದಲೇ ಇಸಿದುಕೊಂಡ.